ಇಲ್ಲದ ಕಾಲಿನ ತೂಕ

ಕಲಬುರಗಿ ಬಿಟ್ಟು ಹುಮನಾಬಾದ್ ರಸ್ತೆ ಹಿಡಿದ ಬಸ್ಸಿನ ಕಂಬಿ ಮುಂಜಾನೆ ಹತ್ತಕ್ಕೇ ಕಾದು ಕೈ ಸುಡುತ್ತದೆ. ನಿಮ್ಮ ಪಕ್ಕದಲ್ಲಿ ಕೂತ ಕಾಕಾ ಎಡ ಮೊಳಕಾಲ ಕೆಳಗೆ ಕೃತಕ ಕಾಲು ಹಾಕಿದ್ದಾರೆ. ಸಕ್ಕರೆ ಕಾಯಿಲೆಯಲ್ಲಿ ಮಾಯದ ಗಾಯ ತೆಗೆದುಕೊಂಡು ಹೋದ ಕಾಲು ಅದು. ತಿಂಗಳಿಗೊಮ್ಮೆ ತೂಕ ಬರೆದಿಡಬೇಕೆಂದು ಡಾಕ್ಟರು ಕೊಟ್ಟ ಚೀಟಿ ಅಂಗಿಯ ಜೇಬಿನಲ್ಲಿದೆ.

ಕಮಲಾಪುರದಲ್ಲಿ ಇಳಿಯುತ್ತೀರಿ. ಗಾಡಿಯ ಮೇಲೆ ಈ ಊರಿನ ಹೆಸರು ಹೊತ್ತ ಕೆಂಪು ಬಾಳೆಗೊನೆ. ಕಾಕಾ ಒಮ್ಮೆ ನೋಡಿ ಮುಂದೆ ನಡೆಯುತ್ತಾರೆ. ಅವರ ಅಣ್ಣನ ಮಗನ ಅಂಗಡಿಯಲ್ಲಿ ತೊಗರಿ ಚೀಲ ತೂಗುವ ಕಾಟಾ ಇದೆ.

"ಕಾಕಾ, ಕಾಲು ಬಿಚ್ಚಿ ಕೂಡ್ರಿ."

"ಹಂಗೇ ನಿಂತ್ರ ಏನಾಗ್ತದೋ?"

"ಆ ಕಾಲಿನ ತೂಕನೂ ಬರ್ತದಲ್ರಿ."

ಪಟ್ಟಿ ಸಡಿಲಿಸಿ ಕಾಕಾ ಕಾಲನ್ನು ಎಳೆದು ಪಕ್ಕಕ್ಕಿಡುತ್ತಾರೆ. ಒಳಗಿನ ಕಾಲುಚೀಲ ಬೆವರಿಗೆ ತೊಯ್ದು ಅಂಟಿದೆ. ಅದನ್ನು ಮೆಲ್ಲಗೆ ಸುರುಳಿ ಮಾಡಿ ತೆಗೆದಾಗ ಚೋಟುದ್ದ ಉಳಿದ ಕಾಲು ಕಾಣುತ್ತದೆ, ಅದರ ಸುತ್ತ ಬಳೆ ಒತ್ತಿದಂಥ ಕೆಂಪು ಗುರುತು. ಒಂಟಿ ಕಾಲಲ್ಲಿ ನಿಂತು ಗೋಡೆ ಹಿಡಿದರೆ ತೂಕ ತಪ್ಪುತ್ತದೆ. ಅದಕ್ಕೇ ಅಣ್ಣನ ಮಗ ಕಾಟಾದ ಮೇಲೆ ಕುರ್ಚಿ ಇಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಕಾಕಾನನ್ನು ಕೂಡಿಸುತ್ತಾನೆ. ಬಲಗಾಲು ನೆಲಕ್ಕೆ ತಾಗಬಾರದು. ಅಂಕಿ 60ಕ್ಕೆ ನಿಲ್ಲುತ್ತದೆ.

ಎತ್ತರ 163 ಸೆಂಟಿಮೀಟರ್. ಗೋಡೆಯ ಮೇಲಿನ ಪಟ್ಟಿ ನೋಡಿದರೆ ಎತ್ತರಕ್ಕೆ ತೂಕ ಹೋಲಿಸುವ ಬಿಎಂಐ 22.6, ಎಲ್ಲ ಸರಿ. ಆದರೆ ಎರಡೂ ಕಾಲಿದ್ದವರಿಗೆಂದೇ ಮಾಡಿದ ಆ ಪಟ್ಟಿ ಇವರಿಗೆ ಅನ್ಯಾಯ ಮಾಡುತ್ತದೆ. ಇಡೀ ಕಾಲು ದೇಹದ ತೂಕದ ಸುಮಾರು ಶೇ 16, ಮೊಳಕಾಲಿನಿಂದ ಕೆಳಗಿನದು ಸುಮಾರು ಶೇ 5.9, ಬರೀ ಪಾದ ಶೇ 1.5. ಕಾಕಾಗೆ ಸ್ವಲ್ಪ ಉಳಿದಿರುವುದರಿಂದ ಹೋದದ್ದು ಶೇ 4 ಅಂತಿಟ್ಟುಕೊಳ್ಳಿ. 60ನ್ನು ಉಳಿದ ಪಾಲಾದ 0.96ರಿಂದ ಭಾಗಿಸಿದರೆ 62.5 ಕಿಲೋ. ಈಗ ಬಿಎಂಐ 23.5. ಭಾರತೀಯರಿಗೆ 23 ದಾಟಿದರೆ ಅದು ಹೆಚ್ಚಿನ ತೂಕ.

ಹುಡುಗ ಟೇಪು ತಂದು ಹೊಟ್ಟೆ ಅಳೆಯುತ್ತಾನೆ: 94. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಕಾಲಿರಲಿ, ಇಲ್ಲದಿರಲಿ, ಸೊಂಟದ ಅಳತೆಗೆ ಲೆಕ್ಕ ತಿದ್ದುವ ಗೊಡವೆಯಿಲ್ಲ. ಇನ್ನು ಬಿಎಂಐ ಲೆಕ್ಕಕ್ಕೆ, ಎರಡೂ ಕಾಲು ಹೋದವರಿಗೆ ಎತ್ತರದ ಬದಲು ಚಾಚಿದ ತೋಳುಗಳ ಉದ್ದ ಹಿಡಿಯುತ್ತಾರೆ.

"ಹಂಗಾದ್ರ ಉಪವಾಸ ಇರಲೇನು?" ಕಾಕಾ ಕೇಳುತ್ತಾರೆ.

ಖಂಡಿತ ಬೇಡ. ತೂಕ ಏರಿದರೆ ಉಳಿದ ಕಾಲು ಕೂರುವ ಕೃತಕ ಕಾಲಿನ ಬಟ್ಟಲು ಬಿಗಿಯಾಗಿ ಚರ್ಮ ಒಡೆಯುತ್ತದೆ, ಉಳಿದ ಪಾದಕ್ಕೂ ಹೊರೆ. ಒಮ್ಮೆಲೇ ಇಳಿದರೆ ಅದೇ ಬಟ್ಟಲು ಸಡಿಲಾಗಿ ತಿಕ್ಕುತ್ತದೆ. ಸಕ್ಕರೆ ಕಾಯಿಲೆಯವರಿಗೆ ಆ ಸಣ್ಣ ಹುಣ್ಣೇ ಮತ್ತೊಂದು ಆಪರೇಷನ್ನಿಗೆ ದಾರಿ. ಒಂದು ರೊಟ್ಟಿ ಕಡಿಮೆ, ಪಲ್ಯ ಜಾಸ್ತಿ, ತಿಂಗಳು ತಿಂಗಳು ಲೆಕ್ಕ.

ಹುಡುಗ ಚೀಟಿಯ ಹಿಂದೆ ತಾರೀಖು ಹಾಕಿ "ಕಾಲು ಬಿಚ್ಚಿ 60, ತಿದ್ದಿದ್ದು 62.5" ಎಂದು ಬರೆಯುತ್ತಾನೆ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಹೀಗೇ ಎರಡೂ ಅಂಕಿ ಬರೆದು ಡಾಕ್ಟರಿಗೆ ತೋರಿಸಿ.