ಕಾರು ತೋರಿಸಿದ ಮಾರ್ಚ್ 31

2022ರ ನವೆಂಬರ್ 14, ಕಾರ್ತಿಕ ಸೋಮವಾರ. ಮೈಸೂರಿನಿಂದ ಮನೆಮಂದಿಯೆಲ್ಲ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟಿದ್ದೆವು. ಕೊಳ್ಳೇಗಾಲ ದಾಟುವಾಗ ಮುಂದಿನ ಸೀಟಿನಲ್ಲಿದ್ದ ಚಿಕ್ಕಪ್ಪನ ಕಣ್ಣು ಕಾರಿನ ಪರದೆಯ ಮೇಲೆ ಬಿತ್ತು. ಸೋಮವಾರ, 31 ಮಾರ್ಚ್ 2003!

ಚಿಕ್ಕಪ್ಪ ಬ್ಯಾಂಕಿನಿಂದ ನಿವೃತ್ತರಾದವರು. "ಅಯ್ಯೋ ಶಿವನೇ! ಇಯರ್ ಎಂಡ್ ಕ್ಲೋಸಿಂಗ್ ದಿನ ನನ್ನನ್ನ ಬೆಟ್ಟಕ್ಕೆ ಕರ್ಕೊಂಡು ಹೋಗ್ತಿದೀರಲ್ರೋ, ಮ್ಯಾನೇಜರು ಸುಮ್ನೆ ಬಿಡ್ತಾರಾ?"

"ಹಂಗಾದ್ರೆ ಅಣ್ಣಾವ್ರು ಇನ್ನೂ ಇದಾರೆ. ಬರ್ತಾ ಗಾಜನೂರಿಗೆ ಹೋಗಿ ನೋಡ್ಕೊಂಡೇ ಬರೋಣ," ಅಂದರು ಚಿಕ್ಕಮ್ಮ.

"ವೀರಪ್ಪನ್ನೂ ಇದಾನೆ ಚಿಕ್ಕಮ್ಮ, ಕತ್ತಲಾಗೋದ್ರೊಳಗೆ ವಾಪಸ್ ಬರ್ಬೇಕು," ಅಂದ ತಮ್ಮ. ನಗು ತಡೆಯಲಾಗದೆ ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಮುಂದೆ ಕಾಮಗೆರೆ ಬಂದಾಗ ಚಿಕ್ಕಪ್ಪ ಮಾತು ನಿಲ್ಲಿಸಿದರು. ಮಾಜಿ ಸಚಿವ ಎಚ್. ನಾಗಪ್ಪನವರನ್ನು ವೀರಪ್ಪನ್ ಹೊತ್ತೊಯ್ದದ್ದು ಆ ಊರಿನಿಂದಲೇ, 2002ರ ಆಗಸ್ಟ್‌ನಲ್ಲಿ. ಅವರು ಜೀವಂತ ಮರಳಲಿಲ್ಲ. ಆ ವರ್ಷಗಳಲ್ಲಿ ಈ ದಾರಿ ಹಿಡಿದವರಿಗೆ ಇದ್ದ ಭಯ ನಮ್ಮ ಮನೆಯ ಹುಡುಗರಿಗೆ ತಿಳಿದದ್ದು ಆವತ್ತೇ, ಕೆಟ್ಟ ಕ್ಯಾಲೆಂಡರಿನ ದೆಸೆಯಿಂದ.

ಊರಿಗೆ ಬಂದಮೇಲೆ ಗ್ಯಾರೇಜಿನವರು ಬ್ಯಾಟರಿ ಬದಲಿಸಿ ಅಂದರು. ಬದಲಿಸಿದ್ದಾಯ್ತು, ಕಾರು 2003 ಬಿಟ್ಟು ಕದಲಲಿಲ್ಲ. ಗುಟ್ಟು ಇದ್ದದ್ದು ಜಿಪಿಎಸ್‌ನಲ್ಲಿ. ಉಪಗ್ರಹಗಳು ತಾರೀಖು ಕಳಿಸುವುದಿಲ್ಲ. 1980ರ ಜನವರಿ 6ರಿಂದ ಎಷ್ಟನೇ ವಾರ, ಆ ವಾರದಲ್ಲಿ ಎಷ್ಟು ಹೊತ್ತು ಕಳೆದಿದೆ ಅನ್ನುವುದನ್ನು ಕಳಿಸುತ್ತವೆ. ವಾರದ ಅಂಕಿಗೆ ಕೊಟ್ಟಿರುವುದು 10 ಬಿಟ್. ಹಾಗಾಗಿ 1023ನೇ ವಾರ ಮುಗಿದರೆ ಹಳೇ ಸ್ಕೂಟರಿನ ಮೀಟರಿನಂತೆ ಮತ್ತೆ ಸೊನ್ನೆ. 1999ರ ಆಗಸ್ಟ್‌ನಲ್ಲಿ, 2019ರ ಏಪ್ರಿಲ್‌ನಲ್ಲಿ ಹೀಗಾಗಿದೆ. ಮುಂದಿನದು 2038ರ ನವೆಂಬರ್‌ನಲ್ಲಿ. ಈಗ ಯಾವ ಸುತ್ತು ನಡೆದಿದೆ ಎಂದು ಊಹಿಸುವುದು ಕಾರಿನೊಳಗಿನ ರಿಸೀವರಿನ ಕೆಲಸ. ಅದರ ಸಾಫ್ಟ್‌ವೇರಿನಲ್ಲಿ ಬರೆದಿಟ್ಟ ಗಡುವು ಮೀರಿದರೆ, ಯಾವ ವರ್ಷವೇ ಆಗಲಿ, ಅದು 1024 ವಾರ ಹಿಂದಕ್ಕೆ ಜಿಗಿಯುತ್ತದೆ. ಜಿಗಿಯುವುದು ಪೂರ್ತಿ ವಾರಗಳ ಲೆಕ್ಕದಲ್ಲಿ. ಅದಕ್ಕೇ ನಮ್ಮ ಕಾರಿನಲ್ಲಿ ಸೋಮವಾರ ಸೋಮವಾರವಾಗಿಯೇ ಉಳಿದಿತ್ತು, ಗಂಟೆಯೂ ತಪ್ಪಿರಲಿಲ್ಲ.

ನಿಮ್ಮ ಕಾರೂ ಹೀಗೆ ಹಳೇ ತಾರೀಖು ತೋರಿಸಿದರೆ ಮೊದಲು ವಾರ ನೋಡಿ. ವಾರ ಸರಿಯಿದ್ದು ವರ್ಷ ಇಪ್ಪತ್ತರ ಹತ್ತಿರ ಹಿಂದಿದ್ದರೆ ಬ್ಯಾಟರಿಗೆ ದುಡ್ಡು ಸುರಿಯಬೇಡಿ, ಸಾಫ್ಟ್‌ವೇರ್ ಅಪ್‌ಡೇಟ್ ಕೇಳಿ.