ಒಳಗಿನ ಕಲೆ

ಗರ್ಭಕೋಶದೊಳಗೂ ಗಾಯದ ಕಲೆ ಉಳಿಯುತ್ತದೆಂದು ನನಗೆ ತಿಳಿದದ್ದು ಎರಡನೆಯ ಬಸಿರು ಇಳಿದು ಎಂಟು ತಿಂಗಳಾದ ಮೇಲೆ. ಬಸಿರು ಇಳಿದಾಗ ಊರಿನ ನರ್ಸಿಂಗ್ ಹೋಮಿನಲ್ಲಿ 'ಕ್ಲೀನ್' ಮಾಡಿದ್ದರು. ಎಲ್ಲರೂ ಅದಕ್ಕೆ ಹಾಗೇ ಅನ್ನುವುದು, ಪಾತ್ರೆ ತೊಳೆದಷ್ಟು ಹಗುರವಾಗಿ. ಆಮೇಲೆ ಮುಟ್ಟು ಬರಬರುತ್ತ ಒಂದೇ ದಿನಕ್ಕಿಳಿಯಿತು. ಕಡೆಗೆ ಅದೂ ನಿಂತಿತು. ತಿಂಗಳಿಗೊಮ್ಮೆ ಕಿಬ್ಬೊಟ್ಟೆಯ ನೋವು ಮಾತ್ರ ತಪ್ಪದೆ ಬರುತ್ತಿತ್ತು. "ಪುಣ್ಯವಂತೆ ಕಣೇ, ತಿಂಗಳ ರಗಳೆಯೇ ಇಲ್ಲ" ಎಂದಳು ಓರಗಿತ್ತಿ. ಅತ್ತೆ ಎಳ್ಳು ಬೆಲ್ಲ ಕುಟ್ಟಿ ಉಂಡೆ ಮಾಡಿಕೊಟ್ಟರು. ಉಂಡೆಯೇನೋ ರುಚಿಯಾಗಿತ್ತು.

ಹಾರ್ಮೋನಿನ ಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತು. ಮುಟ್ಟು ಬರಿಸುವ ಮಾತ್ರೆ ನುಂಗಿದರೂ ಬರಲಿಲ್ಲ. ಕೊನೆಗೆ ಜಿಲ್ಲಾ ಕೇಂದ್ರದ ವೈದ್ಯೆಯೊಬ್ಬರ ಬಳಿ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಒಳಗೆ ಕೆರೆದಿದ್ದರಾ?"

ಚೀಟಿಯ ಹಿಂದೆ ಚಿತ್ರ ಬರೆದು ಹೇಳಿದರು. ಗರ್ಭಕೋಶದ ಒಳಪದರದಲ್ಲಿ ಮೇಲಿನ ಭಾಗ ತಿಂಗಳು ತಿಂಗಳೂ ಉದುರುತ್ತದೆ. ಬುಡದ ಭಾಗ ಅದನ್ನು ಮತ್ತೆ ಚಿಗುರಿಸುತ್ತದೆ. ಕೆರೆತ ಬುಡಕ್ಕೇ ತಾಗಿದರೆ ಹಸಿ ಗೋಡೆಗಳು ಒಂದಕ್ಕೊಂದು ಅಂಟಿ ನಾರಿನಂಥ ಪಟ್ಟಿಗಳಾಗುತ್ತವೆ. ಇದಕ್ಕೆ ಆಶರ್ಮನ್ ಸಿಂಡ್ರೋಮ್ ಎನ್ನುತ್ತಾರೆ. 1894ರಲ್ಲೇ ಫ್ರಿಟ್ಷ್ ಎಂಬ ಜರ್ಮನ್ ವೈದ್ಯ ಇದನ್ನು ಗುರುತಿಸಿದ್ದರೂ 1948ರಲ್ಲಿ ವಿವರವಾಗಿ ಬರೆದ ಜೋಸೆಫ್ ಆಶರ್ಮನ್ ಹೆಸರೇ ನಿಂತಿತು. (ಅನುಭವಿಸಿದ ಹೆಂಗಸರ ಹೆಸರು ಯಾವ ಕಾಯಿಲೆಗೂ ಇಡುವುದಿಲ್ಲವೇನೋ!) ನಮ್ಮ ದೇಶದಲ್ಲಿ ಗರ್ಭಕೋಶದ ಕ್ಷಯದಿಂದಲೂ ಹೀಗಾಗುತ್ತದೆ, ಅದಕ್ಕೆ ಕೆಮ್ಮೇ ಇರಬೇಕೆಂದಿಲ್ಲ. ನನಗೂ ಆ ಪರೀಕ್ಷೆ ಮಾಡಿದರು. ಕ್ಷಯವಿರಲಿಲ್ಲ.

ಹಿಸ್ಟರೋಸ್ಕೋಪಿಗೆ ಹೊಟ್ಟೆ ಕೊಯ್ಯುವುದಿಲ್ಲ. ಕೆಳಗಿನಿಂದಲೇ ತೆಳ್ಳಗಿನ ದುರ್ಬೀನು ಹಾಕಿ ನೋಡುತ್ತಾರೆ, ಪುಟ್ಟ ಕತ್ತರಿಯಿಂದ ಅಂಟು ಬಿಡಿಸುತ್ತಾರೆ. ಮತ್ತೆ ಅಂಟದಿರಲೆಂದು ನನಗೆ ಕೆಲವು ದಿನ ಒಳಗೊಂದು ಸಣ್ಣ ಬಲೂನು ಇಟ್ಟರು, ಈಸ್ಟ್ರೋಜೆನ್ ಮಾತ್ರೆ ಕೊಟ್ಟರು. ಆದರೂ ಅಂಟು ಮರಳಿತು. ಎರಡನೆಯ ಸಲಕ್ಕೆ ಬಳೆ ಅಡವಿಟ್ಟೆವು. ಆಮೇಲೆ ಮುಟ್ಟು ಬಂತು, ಎರಡು ದಿನದ್ದು. ಮುಟ್ಟು ಬಂತೆಂದು ಬಚ್ಚಲಲ್ಲಿ ನಿಂತು ಸಂತೋಷಕ್ಕೆ ಅತ್ತವಳು ನಮ್ಮ ಮನೆತನದಲ್ಲಿ ನಾನೊಬ್ಬಳೇ ಇರಬೇಕು.

ಮಗುವಿನ ವಿಷಯದಲ್ಲಿ ವೈದ್ಯೆ ಭರವಸೆ ಕೊಡಲಿಲ್ಲ. ಬಸಿರಾದರೂ ಮಾಸು ಆಳಕ್ಕೆ ಅಂಟಿ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗುವ ಅಪಾಯವಿದೆ, ರಕ್ತದ ವ್ಯವಸ್ಥೆಯಿರುವ ದೊಡ್ಡ ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕು ಎಂದರು. ಸುಳ್ಳು ಸಮಾಧಾನ ಹೇಳಲಿಲ್ಲವೆಂದೇ ನನಗೆ ಅವರ ಮೇಲೆ ನಂಬಿಕೆ.

ನನ್ನ ಸಿಟ್ಟು ಬೇರೆಯದು. ಬಸಿರು ಇಳಿದಾಗ ಎಷ್ಟೋ ಸಲ ಮಾತ್ರೆ ಸಾಕಾಗುತ್ತದೆ, ಇಲ್ಲವೇ ಹೀರುವ ನಳಿಗೆಯಿದೆ. ಚೂಪು ಸಲಕರಣೆಯಿಂದ ಕೆರೆಯುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮೇಜಿನ ಮೇಲೆ ಮಲಗಿಸುವ ಮುಂಚೆ ಇದನ್ನು ನನಗೆ ಯಾರೂ ಹೇಳಲಿಲ್ಲ.

ಮೊನ್ನೆ ಪಕ್ಕದ ಮನೆಯ ಹುಡುಗಿಗೆ ಬಸಿರು ಇಳಿಯಿತು. ಆಸ್ಪತ್ರೆಗೆ ನಾನೂ ಜೊತೆ ಹೋದೆ. "ಮಾತ್ರೆಯಲ್ಲಿ ಆಗುತ್ತದೆಯೇ, ಹೀರುತ್ತೀರಾ, ಕೆರೆಯುತ್ತೀರಾ?" ಎಂದು ಕೇಳಿದೆ. ವೈದ್ಯರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ ಕುರ್ಚಿ ತೋರಿಸಿದರು.