ಸಾಲುಮರದ ಕೋತಿಗಳು

ಕೋತಿಯ ಸಂತತಿ ಕ್ಷೀಣಿಸುತ್ತಿದೆ ಎಂದರೆ ನಮ್ಮ ಮಂಡ್ಯ ಸೀಮೆಯಲ್ಲಿ ನಗುವವರೇ ಹೆಚ್ಚು. ಎಳನೀರು ಕಿತ್ತೆಸೆಯುವ, ಹೆಂಚು ಸರಿಸಿ ಅಡುಗೆಮನೆಗಿಳಿಯುವ ಪ್ರಾಣಿಗೆ ಎಂಥ ಅಳಿವು ಎಂದು ಕೇಳುತ್ತಾರೆ. ಲೆಕ್ಕ ಮಾತ್ರ ಬೇರೆಯದನ್ನೇ ಹೇಳುತ್ತದೆ.

ನೆತ್ತಿಯ ಕೂದಲು ಟೋಪಿಯಿಟ್ಟಂತೆ ಹರಡಿರುವ ಈ ಕೋತಿ ಭಾರತದ ದಕ್ಷಿಣ ಭಾಗವನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಸಹಜವಾಗಿ ನೆಲೆಸಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಅವರನ್ನೊಳಗೊಂಡ ತಂಡವು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಿಂದಿನ ಗಣತಿ ಲಭ್ಯವಿದ್ದ ಪ್ರದೇಶಗಳಲ್ಲಿ 25 ವರ್ಷಗಳೊಳಗೆ ಇವುಗಳ ಸಂಖ್ಯೆ ಶೇ. 65ಕ್ಕೂ ಹೆಚ್ಚು ಕುಸಿದಿದೆ. ಉತ್ತರದ ಕೆಂಪುಮುಖದ ಕೋತಿ ಇವುಗಳ ಸೀಮೆಯೊಳಗೆ ಹರಡುತ್ತಿರುವುದು ಮತ್ತೊಂದು ಸಂಕಟ.

ಸಿಂಗಳೀಕಕ್ಕಾದರೆ ಶರಾವತಿ ಕಣಿವೆಯಲ್ಲಿ 2019ರಲ್ಲಿ ಅಭಯಾರಣ್ಯವೇ ಆಯಿತು. ನಮ್ಮ ಕೋತಿ ದಟ್ಟಾರಣ್ಯದಲ್ಲಿ ಬಲು ವಿರಳ. ದೇವಸ್ಥಾನಗಳೂ ರಸ್ತೆಬದಿಯ ಆಲ, ಅರಳಿ, ಗೋಣಿಗಳೂ ಅದರ ನೆಲೆ. ಸಾಲುಮರವೇ ಅದರ ಕಾಡು. ಆ ಕಾಡನ್ನು ಯಾವ ನಕ್ಷೆಯೂ ಕಾಡೆಂದು ಗುರುತಿಸಲಿಲ್ಲ.

ಮದ್ದೂರಿನಿಂದ ಮಂಡ್ಯಕ್ಕೆ ನಾನು ಬಸ್ಸಿನಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಹೆದ್ದಾರಿಯ ಇಕ್ಕೆಲದ ಮರಗಳು ತಲೆಯ ಮೇಲೆ ಚಪ್ಪರ ಹಾಕಿದ್ದವು. ಒಂದು ಮರದ ಹಣ್ಣು ಮುಗಿಯುವ ಹೊತ್ತಿಗೆ ಇನ್ನೊಂದು ಬಿಡುತ್ತಿತ್ತು. ಕೋತಿಗೆ ಅನ್ನ ಅಲ್ಲೇ, ನಿದ್ರೆ ಅಲ್ಲೇ. ರಸ್ತೆ ದಾಟಲು ಕೊಂಬೆಯೇ ಸೇತುವೆ. ನಾಲ್ಕು ಪಥವಾಗುವಾಗ ಅವೆಷ್ಟೋ ಮರಗಳು ಹೋದವು. 2023ರ ಮಾರ್ಚ್‌ನಲ್ಲಿ ಗೆಜ್ಜಲಗೆರೆಯಲ್ಲಿ ದಶಪಥದ ಉದ್ಘಾಟನೆಯೂ ಆಯಿತು. ರಸ್ತೆ ಬೇಡವಾಗಿತ್ತೆಂದು ನಾನು ಹೇಳಲಾರೆ, ಬೆಂಗಳೂರಿನ ಆಸ್ಪತ್ರೆಗೆ ನಾನೂ ಅದರಲ್ಲೇ ಹೋಗುವವನು. ಆದರೆ ತೋಟಕ್ಕೆ ಬರುವ ಕೋತಿಯನ್ನು ಸಂಖ್ಯೆ ಹೆಚ್ಚಿ ಬಂದದ್ದೆಂದು ತಿಳಿಯುವುದು ಸರಿಯಲ್ಲ. ಅದು ನೆಲೆ ತಪ್ಪಿ ಬಂದದ್ದು.

ಹಿಡಿದು ಮುತ್ತತ್ತಿಯ ಕಾಡಿಗೆ ಬಿಟ್ಟುಬಿಡಿ ಎನ್ನುವವರಿದ್ದಾರೆ. ಊರಿನ ಅನ್ನಕ್ಕೆ ಒಗ್ಗಿದ ಗುಂಪು ಅಲ್ಲಿಂದಲೂ ಹತ್ತಿರದ ಹಳ್ಳಿಯನ್ನೇ ಹುಡುಕುತ್ತದೆ. ನಮ್ಮ ಕಷ್ಟ ಬೇರೆಯವರ ಹೊಲಕ್ಕೆ ದಾಟಿತು, ಅಷ್ಟೇ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳನ್ನು ಬಾಣಂತನಕ್ಕೆ ಬಂದ ಮಗಳಂತೆ ಕಾಣುತ್ತಾರೆ. ಮನೆಯಂಗಳದ ಹುಣಸೆಮರವನ್ನೇ ಬಿಟ್ಟುಕೊಟ್ಟಿದ್ದಾರೆ. ಇದನ್ನು ಹೇಳಿದಾಗ ಮಳವಳ್ಳಿಯ ಕಡೆಯ ನನ್ನ ಹಳೆಯ ಶಿಷ್ಯನೊಬ್ಬ, “ಹಕ್ಕಿ ಹಿಕ್ಕೆ ಗೊಬ್ಬರ ಆಯ್ತದೆ ಸಾರ್, ಕೋತಿ ಏನ್ ಕೊಟ್ಟದು?” ಎಂದ. ಅರ್ಧ ಎಕರೆ ತೆಂಗು ಕಳೆದುಕೊಂಡವನ ಪ್ರಶ್ನೆ ಅದು, ಉಡಾಫೆಯದಲ್ಲ. ಬೆಳೆ ಪರಿಹಾರ ಅವನ ಕೈಸೇರಬೇಕು. ಜೊತೆಗೆ ಕೆರೆಯೇರಿ, ಗೋಮಾಳ, ಹಳ್ಳಿರಸ್ತೆಗಳ ಪಕ್ಕ ಹೂವಿನ ಗಿಡಗಳ ಬದಲು ಗೋಣಿ, ಆಲಗಳನ್ನು ನೆಡಬೇಕು. ದೊಡ್ಡ ಕೊಂಬೆಯನ್ನೇ ಕಡಿದು ನೆಟ್ಟರೂ ಚಿಗುರುವ ಮರಗಳಿವು. ನಮ್ಮ ಹಿರಿಯರಿಗೆ ಗೊತ್ತಿದ್ದ ಕೆಲಸ.